ನಮ್ಮನ್ನು ‘ಫಲಾನುಭವಿ’ ಎಂದು ಕರೆಯುವುದನ್ನು ನಿಲ್ಲಿಸಿ: ಮುಖ್ಯ ಕಾರ್ಯದರ್ಶಿಯವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯ ಕಾರ್ಯದರ್ಶಿಗಳಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ನಮಸ್ಕಾರ.

ಸರ್ಕಾರದ ಅರ್ಜಿ ನಮೂನೆಗಳಲ್ಲಿ, ಸುತ್ತೋಲೆಗಳಲ್ಲಿ, ಪಂಚಾಯಿತಿ ಗೋಡೆಗಳ ಮೇಲೆ, ವೇದಿಕೆಯ ಭಾಷಣಗಳಲ್ಲಿ ಜನಸಾಮಾನ್ಯರಿಗೆ ಈಗ ಹೆಚ್ಚುಕಡಿಮೆ ಒಂದೇ ಹೆಸರು ಉಳಿದಿದೆ. ಅದು ಫಲಾನುಭವಿ. ಈ ಪದವನ್ನು ನಮ್ಮ ಮೇಲಿಂದ ತೆಗೆಯಿರಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ನಿಮಗೇ ಯಾಕೆ ಅಂದರೆ, ಒಂದೊಂದು ಇಲಾಖೆಯ ನಮೂನೆಯನ್ನು ಒಬ್ಬೊಬ್ಬರು ತಯಾರು ಮಾಡಿರುತ್ತಾರೆ. ಎಲ್ಲ ಇಲಾಖೆಗೂ ಒಟ್ಟಿಗೆ ಒಂದು ಮಾತು ಹೇಳಬಲ್ಲ ಕಚೇರಿ ನಿಮ್ಮದು. ಬಹಿರಂಗವಾಗಿ ಯಾಕೆ ಅಂದರೆ, ಪತ್ರಿಕೆ, ಟಿವಿಯವರೂ ಈ ಪದವನ್ನು ಹಾಗೇ ಎತ್ತಿಕೊಂಡಿದ್ದಾರೆ. ಈಗ ನಮ್ಮ ಜನರೇ ಒಬ್ಬರನ್ನೊಬ್ಬರು ಹಾಗೆ ಕರೆಯುತ್ತಿದ್ದಾರೆ.

ನಾನು ಹೋಬಳಿ ಕೇಂದ್ರವೊಂದರಲ್ಲಿ ನಾಡಕಚೇರಿ ಎದುರು ಕೂತು ಅರ್ಜಿ ಬರೆದುಕೊಡುವವನು. ವೃದ್ಧಾಪ್ಯ ವೇತನ, ವಿಧವಾ ವೇತನ, ರೇಷನ್ ಕಾರ್ಡ್ ತಿದ್ದುಪಡಿ, ಜಾತಿ-ಆದಾಯ ಪ್ರಮಾಣಪತ್ರ, ಪೌತಿ ಖಾತೆ, ಹೀಗೆ. ಈಗ ಬಹಳಷ್ಟು ಕೆಲಸ ಕಂಪ್ಯೂಟರ್‌ಗೆ ಹೋಗಿದೆ. ಆದರೂ ಜನ ಬರುತ್ತಾರೆ. ನಮೂನೆಯಲ್ಲಿ ಏನು ಬರೆದಿದೆ ಅಂತ ಓದಿ ಹೇಳಲು ಯಾರಾದರೂ ಬೇಕಲ್ವಾ.

ಮೊದಲು ಪದದ ಬಗ್ಗೆ. ಫಲವನ್ನು ಅನುಭವಿಸುವವನು ಫಲಾನುಭವಿ. ಕಾನೂನಿನಲ್ಲಿ ಈ ಪದಕ್ಕೆ ಮರ್ಯಾದೆಯ ಜಾಗ ಇದೆ. ವಿಲ್ ಬರೆದರೆ, ಟ್ರಸ್ಟ್ ಮಾಡಿದರೆ, ವಿಮೆ ಮಾಡಿಸಿದರೆ ಅದರ ಹಣ ಯಾರಿಗೆ ಸೇರಬೇಕೋ ಅವರು ಫಲಾನುಭವಿ. 1882ರ ಟ್ರಸ್ಟ್ ಕಾಯ್ದೆಯ ಪ್ರಕಾರ ಟ್ರಸ್ಟಿ ತಪ್ಪು ಮಾಡಿದರೆ ಆತನನ್ನು ಕೋರ್ಟಿಗೆ ಎಳೆಯುವ ಅಧಿಕಾರ ಫಲಾನುಭವಿಗೆ ಇದೆ. ಜಮೀನಿನ ಪತ್ರಗಳಲ್ಲಿ ‘ಸ್ವಾಧೀನಾನುಭವ’ ಅಂತ ಬರೆಯುತ್ತಾರೆ. ಹಳೇ ಕ್ರಯಪತ್ರ ತೆಗೆದು ನೋಡಿ: ಪುತ್ರ ಪೌತ್ರ ಪಾರಂಪರ್ಯವಾಗಿ ಸುಖವಾಗಿ ಅನುಭವಿಸಿಕೊಂಡು ಬರುವುದು ಎಂದಿರುತ್ತದೆ. ಅಲ್ಲಿ ಅನುಭವ ಅಂದರೆ ಹಕ್ಕೇ.

ಅದೇ ಪದ ಸರ್ಕಾರದ ಯೋಜನೆಗೆ ಬಂದಾಗ ಹಕ್ಕು ಉದುರಿಹೋಗಿ ಬರೀ ಫಲ ಉಳಿದುಕೊಂಡಿದೆ. ಯಾರೋ ನೆಟ್ಟ ಮರ, ಯಾರೋ ನೀರು ಹಾಕಿದ್ದು, ಇವರು ಬಂದು ಹಣ್ಣು ತಿಂದರು ಅನ್ನುವ ಅರ್ಥ ಅದಕ್ಕೆ ಅಂಟಿಕೊಂಡಿದೆ. ಕೇಳಿದವರಿಗೂ ಹಾಗೇ ಕೇಳಿಸುತ್ತದೆ, ಹೇಳುವವರ ದನಿಯಲ್ಲೂ ಅದೇ ಇರುತ್ತದೆ.

ಹೋದ ವರ್ಷ ನಮ್ಮ ಕಡೆಯ ಒಬ್ಬ ಅಜ್ಜಿಯ ಜೊತೆ ನಾನೇ ಕೌಂಟರ್ ತನಕ ಹೋಗಿದ್ದೆ. ಅವರ ವೃದ್ಧಾಪ್ಯ ವೇತನ ನಿಂತುಹೋಗಿತ್ತು. ಕೌಂಟರಿನಲ್ಲಿದ್ದ ಹುಡುಗ ಕಂಪ್ಯೂಟರ್ ನೋಡುತ್ತಲೇ ಕೇಳಿದ: “ಫಲಾನುಭವಿ ಯಾರು, ನೀವೇನಾ?” ಅಜ್ಜಿ ನನ್ನ ಮುಖ ನೋಡಿದರು. ಆಮೇಲೆ ಅವನಿಗೆ ಹೇಳಿದರು: “ಅವ್ರು ಯಾರೋ ನಂಗೊತ್ತಿಲ್ಲ ಕಣಪ್ಪ. ನನ್ನ ಸಂಬಳ ನಿಂತೋಗೈತೆ, ಅದನ್ನ ಕೇಳೋಕೆ ಬಂದಿವ್ನಿ.”

ಹುಡುಗ ನಕ್ಕ. ಕೆಟ್ಟ ಹುಡುಗ ಏನಲ್ಲ. ಆಧಾರ್ ಬ್ಯಾಂಕ್ ಖಾತೆಗೆ ಜೋಡಣೆ ಆಗಿಲ್ಲ ಅಂತ ತಾಳ್ಮೆಯಿಂದಲೇ ವಿವರಿಸಿದ. ಆದರೆ ಸಂಬಳ ಅನ್ನುವ ಪದಕ್ಕೆ ನಕ್ಕ. ಆ ನಗು ನನಗೆ ಇಡೀ ದಿನ ಚುಚ್ಚುತ್ತಾ ಇತ್ತು.

ಯಾಕಂದರೆ ಅಜ್ಜಿ ಹೇಳಿದ ಪದವೇ ಸರಿ. ನಮ್ಮ ಕಡೆ ಬಹಳ ಜನ ವೃದ್ಧಾಪ್ಯ ವೇತನಕ್ಕೆ, ವಿಧವಾ ವೇತನಕ್ಕೆ ಸಂಬಳ ಅಂತಲೇ ಹೇಳುತ್ತಾರೆ. ಉತ್ತರ ಕರ್ನಾಟಕದ ಕಡೆಯವರು ಪಗಾರ ಅಂತಾರೆ. ಸಂಬಳ ಅಂದರೆ ಏನು? ತಿಂಗಳು ತಿಂಗಳು ಬರಬೇಕಾದದ್ದು. ಬರದಿದ್ದರೆ ಕೇಳಬಹುದಾದದ್ದು. ಯಾರೋ ದಯೆ ತೋರಿಸಿ ಕೊಟ್ಟದ್ದಕ್ಕೆ ಯಾರೂ ಸಂಬಳ ಅನ್ನುವುದಿಲ್ಲ. ಆ ಅಜ್ಜಿ ಬುದ್ಧಿ ಬಂದಾಗಿನಿಂದ ಬೇರೆಯವರ ಗದ್ದೆಯಲ್ಲಿ ನಾಟಿ ಹಾಕಿದವರು, ಕಳೆ ಕಿತ್ತವರು, ಕೊಯ್ಲಿಗೆ ಹೋದವರು. ಅವರಿಗೆ ಯಾರೂ ಪಿಎಫ್ ಕಟ್ಟಲಿಲ್ಲ, ಗ್ರಾಚ್ಯುಟಿ ಕೊಡಲಿಲ್ಲ. ಮುಪ್ಪಿನಲ್ಲಿ ಸಮಾಜ ಅವರಿಗೆ ಸ್ವಲ್ಪ ಹಿಂದಿರುಗಿಸುತ್ತಿದೆ. ಅದನ್ನು ಸಂಬಳ ಅಂತ ಕರೆದರೆ ನಗುವಂಥದ್ದು ಏನಿದೆ?

ಇದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿ. ಸರ್ಕಾರಿ ನೌಕರಿಯಿಂದ ನಿವೃತ್ತರಾದವರಿಗೂ ಪ್ರತಿ ತಿಂಗಳು ಖಜಾನೆಯಿಂದಲೇ ಹಣ ಬರುತ್ತದೆ. ಬರಬೇಕು ಕೂಡ. ಅವರನ್ನು ನಾವು ಪಿಂಚಣಿದಾರರು ಎನ್ನುತ್ತೇವೆ. 1982ರ ಡಿಸೆಂಬರ್ 17ರಂದು ಡಿ.ಎಸ್. ನಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ಪಿಂಚಣಿ ಅನ್ನುವುದು ಭಿಕ್ಷೆಯೂ ಅಲ್ಲ, ಧಣಿಯ ಕೃಪೆಯೂ ಅಲ್ಲ, ಅದು ಹಕ್ಕು. ಆ ದಿನವನ್ನು ಇವತ್ತಿಗೂ ಪಿಂಚಣಿದಾರರ ದಿನ ಅಂತ ಆಚರಿಸುತ್ತಾರೆ. ಆ ತೀರ್ಪಿಗೆ ನಾನು ಕೈಮುಗಿಯುತ್ತೇನೆ. ಆದರೆ ಅದೇ ಖಜಾನೆಯಿಂದ ತಿಂಗಳಿಗೆ 800 ರೂಪಾಯಿ ವಿಧವಾ ವೇತನ ಪಡೆಯುವ ಹೆಂಗಸು ಫಲಾನುಭವಿ. ವಯಸ್ಸಾದವರ ಪಿಂಚಣಿ ಯೋಜನೆಯಾದ ಸಂಧ್ಯಾ ಸುರಕ್ಷಾದಲ್ಲಿ 1,200 ರೂಪಾಯಿ ಪಡೆಯುವ ಮುದುಕ ಫಲಾನುಭವಿ. ಕಾರ್ಖಾನೆ ಹಾಕಲು ಕಡಿಮೆ ಬೆಲೆಗೆ ಜಮೀನು, ತೆರಿಗೆ ವಿನಾಯಿತಿ, ವಿದ್ಯುತ್ ರಿಯಾಯಿತಿ ಪಡೆಯುವವರಿಗೆ ಹೂಡಿಕೆದಾರರು ಎಂಬ ಹೆಸರು. ಹೆಚ್ಚು ಪಡೆದವರಿಗೆ ಅವರ ಕೆಲಸದ ಹೆಸರು, ಕಡಿಮೆ ಪಡೆದವರಿಗೆ ಅವರು ಪಡೆದದ್ದರ ಹೆಸರು. ಇದು ಸರಿಯಾ, ನೀವೇ ಹೇಳಿ.

ಇನ್ನೊಂದು ವಿಷಯ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಇದನ್ನು ಗಮನವಿಟ್ಟು ಓದಬೇಕು ಎಂದು ಕೇಳಿಕೊಳ್ಳುತ್ತೇನೆ.

ನೌಕರರಿಗೆ ಸಂಬಳ ತಡವಾದರೆ ಕಡತದಲ್ಲಿ ‘ವೇತನ ಬಾಕಿ’ ಎಂದು ಬರೆಯುತ್ತಾರೆ. ಗುತ್ತಿಗೆದಾರರಿಗೆ ದುಡ್ಡು ಕೊಡುವುದು ತಡವಾದರೆ ‘ಬಿಲ್ ಬಾಕಿ’. ಬಾಕಿ ಅಂದ ಕೂಡಲೇ ಕೊಡಬೇಕಾದವರು ಯಾರು, ಪಡೆಯಬೇಕಾದವರು ಯಾರು ಅನ್ನುವುದು ಗೊತ್ತಾಗಿಬಿಡುತ್ತದೆ. ಸಾಲ ಇದ್ದ ಹಾಗೆ. ಅದೇ ಬಡ ಹೆಂಗಸಿನ ಹಣ ನಾಲ್ಕು ತಿಂಗಳು ಬರದಿದ್ದರೆ ಏನು ಬರೆಯುತ್ತಾರೆ? ‘ಹಣ ಬಿಡುಗಡೆಯಾಗಿಲ್ಲ’. ‘ಅನುದಾನ ಬಂದ ನಂತರ ಫಲಾನುಭವಿಗಳ ಖಾತೆಗೆ ಜಮೆಯಾಗಲಿದೆ’. ಅಲ್ಲಿ ಯಾರೂ ಯಾರಿಗೂ ಏನೂ ಕೊಡಬೇಕಾಗಿಲ್ಲ. ಅಣೆಕಟ್ಟೆಯ ಗೇಟು ತೆಗೆದಾಗ ನೀರು ಬರುತ್ತದೆ, ತೆಗೆಯದಿದ್ದರೆ ಇಲ್ಲ. ಕೆಳಗಿನವರು ಕಾಯಬೇಕು, ಅಷ್ಟೇ.

ಇದು ಬರೀ ಬರವಣಿಗೆಯ ಮಾತಲ್ಲ. ಬಾಕಿ ಪಡೆಯಬೇಕಾದವನು ಕಚೇರಿಗೆ ಬಂದರೆ ಕುರ್ಚಿ ಕೊಟ್ಟು ಮಾತಾಡಿಸುತ್ತಾರೆ. ಬಿಡುಗಡೆಗೆ ಕಾಯುವವರು ಬಂದರೆ “ಬಂದಾಗ ಬರುತ್ತೆ ಹೋಗಮ್ಮ” ಅಂತಾರೆ. ನಾನು ದಿನಾ ನೋಡುವುದು ಇದನ್ನೇ. ಹೆಂಗಸರು ಕೇಳುವ ರೀತಿಯೂ ಬದಲಾಗಿದೆ. ಅಂಗಡಿಯಲ್ಲಿ ಎರಡು ರೂಪಾಯಿ ಚಿಲ್ಲರೆಗೆ ಜೋರು ಮಾಡುವವರು, ಇಲ್ಲಿ ತಮ್ಮ ನಾಲ್ಕು ತಿಂಗಳ ಹಣವನ್ನು ಸೆರಗು ಹಿಡಿದುಕೊಂಡು ಮೆಲ್ಲಗೆ ಕೇಳುತ್ತಾರೆ.

ಗೃಹಲಕ್ಷ್ಮಿಯ ವಿಷಯ ತೆಗೆದುಕೊಳ್ಳಿ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಅದಕ್ಕೆ ಚಾಲನೆ ಸಿಕ್ಕಿತು. ಆಗ ಸರ್ಕಾರವೇ ಎಷ್ಟು ಒಳ್ಳೆಯ ಪದ ಹಿಡಿದಿತ್ತು! ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಯಜಮಾನಿ! ನಮ್ಮ ಕಡೆ ಎಷ್ಟೋ ಹೆಂಗಸರಿಗೆ ಜೀವನದಲ್ಲಿ ಮೊದಲ ಸಲ ಕಾಗದದ ಮೇಲೆ ಆ ಹೆಸರು ಸಿಕ್ಕಿತ್ತು. ಅರ್ಜಿ ಹಾಕಲು ಬಂದಾಗ “ಯಜಮಾನಿ ನಾನೇ ಬರೀರಿ” ಅಂತ ಕೆಲವರು ಗಟ್ಟಿಯಾಗಿ ಹೇಳಿದ್ದು ನನಗೆ ನೆನಪಿದೆ. ಹಣ ಬರಲು ಶುರುವಾದ ಮೇಲೆ ಪತ್ರಿಕೆಗಳಲ್ಲಿ, ಪ್ರಕಟಣೆಗಳಲ್ಲಿ, ಸಮಾವೇಶಗಳಲ್ಲಿ ಆ ಯಜಮಾನಿಯೇ ‘ಗೃಹಲಕ್ಷ್ಮಿ ಫಲಾನುಭವಿ’ ಆದಳು. ಕೈಯಲ್ಲೇ ಇದ್ದ ಪದವನ್ನು ಯಾಕೆ ಬಿಟ್ಟಿರಿ?

ರೇಷನ್ ವಿಷಯದಲ್ಲಂತೂ ಕಾನೂನೇ ಇದೆ. ದೇಶದ ಗೋದಾಮುಗಳಲ್ಲಿ ಧಾನ್ಯ ಕೊಳೆಯುತ್ತಿದ್ದಾಗ ಜನ ಹಸಿದಿದ್ದಾರೆ ಎಂದು 2001ರಲ್ಲಿ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. ಅದೇ ವರ್ಷ ನವೆಂಬರ್ 28ರಂದು ಕೋರ್ಟು ಕೊಟ್ಟ ಮಧ್ಯಂತರ ಆದೇಶದಿಂದ ಅಲ್ಲಿಯವರೆಗೆ ಬರೀ ಯೋಜನೆಗಳಾಗಿದ್ದವು ಜನರು ಕೇಳಿ ಪಡೆಯಬಹುದಾದ ಹಕ್ಕುಗಳಾದವು. ಮುಂದೆ 2013ರಲ್ಲಿ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಬಂತು. ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕೆಜಿ, ಅಂತ್ಯೋದಯ ಕುಟುಂಬಕ್ಕೆ 35 ಕೆಜಿ. ಧಾನ್ಯ ಕೊಡಲು ಆಗದಿದ್ದರೆ ಸರ್ಕಾರ ಆಹಾರ ಭದ್ರತಾ ಭತ್ಯೆ ಕೊಡಬೇಕು. ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಹೆಂಗಸೇ ಕುಟುಂಬದ ಮುಖ್ಯಸ್ಥೆ ಎಂದೂ ಆ ಕಾಯ್ದೆ ಹೇಳುತ್ತದೆ. ಸಂಸತ್ತು ಹಕ್ಕು ಅಂತ ಕೊಟ್ಟದ್ದು ನ್ಯಾಯಬೆಲೆ ಅಂಗಡಿಯ ಬಾಗಿಲಿಗೆ ಬರುವ ಹೊತ್ತಿಗೆ ಫಲ ಆಗಿರುತ್ತದೆ. ಅಂಗಡಿಯ ಹೆಸರಿನಲ್ಲೇ ‘ನ್ಯಾಯ’ ಇದೆ ಅನ್ನುವುದನ್ನೂ ನಾವು ಮರೆತಿದ್ದೇವೆ.

2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳ ಪರಿಷ್ಕರಣೆ ನಡೆದಾಗ ಏನಾಯಿತು ಎಂದು ನಿಮಗೆ ಗೊತ್ತಿದೆ. ಎಷ್ಟೋ ಕಾರ್ಡು ಎಪಿಎಲ್ ಆಗಿಹೋದವು, ಗದ್ದಲವಾಯಿತು, ಸರ್ಕಾರ ಅರ್ಹರ ಕಾರ್ಡನ್ನು ವಾಪಸ್ ಕೊಡಬೇಕಾಯಿತು. ಆ ದಿನಗಳಲ್ಲಿ ‘ಅನರ್ಹ ಫಲಾನುಭವಿಗಳು’ ಎಂಬ ಮಾತು ಎಲ್ಲೆಲ್ಲೂ ಕೇಳಿಬರುತ್ತಿತ್ತು. ಸುಳ್ಳು ದಾಖಲೆ ಕೊಟ್ಟವರನ್ನು ಹಿಡಿಯಬೇಕು, ನಾನೂ ಒಪ್ಪುತ್ತೇನೆ. ಆದರೆ ನನ್ನ ಹತ್ತಿರ ಬಂದು ಕೂತವರಲ್ಲಿ ಹೆಚ್ಚಿನವರಿಗೆ ತಾವು ಮಾಡಿದ ತಪ್ಪೇನು ಅನ್ನುವುದೇ ಗೊತ್ತಿರಲಿಲ್ಲ. ಫಲಾನುಭವಿ ಅಂತ ಕರೆದ ಮೇಲೆ ಪ್ರತಿ ವರ್ಷ ‘ನಾನು ಇದಕ್ಕೆ ಯೋಗ್ಯ’ ಎಂದು ಸಾಬೀತು ಮಾಡುತ್ತಲೇ ಇರಬೇಕು. ಹಕ್ಕುದಾರ ಎಂದಿದ್ದರೆ, ಹಕ್ಕು ಕಿತ್ತುಕೊಳ್ಳುವವರು ಮೊದಲು ನೋಟಿಸ್ ಕೊಟ್ಟು ಕಾರಣ ಹೇಳಬೇಕಿತ್ತು.

ನಮ್ಮ ರಾಜ್ಯದಲ್ಲೇ ಇದಕ್ಕೆ ಒಳ್ಳೆಯ ಮೇಲ್ಪಂಕ್ತಿ ಇದೆ. ದೇವರಾಜ ಅರಸು ಅವರ ಕಾಲದ ಭೂಸುಧಾರಣೆ. 1974ರ ಮಾರ್ಚ್ 1ರಿಂದ ತಿದ್ದುಪಡಿ ಜಾರಿಗೆ ಬಂತು. ಗೇಣಿ ಜಮೀನು ಸರ್ಕಾರಕ್ಕೆ ಸೇರಿ, ಅಲ್ಲಿಂದ ಉಳುವವನ ಹೆಸರಿಗೆ ಬರುವ ವ್ಯವಸ್ಥೆ ಆಯಿತು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿದರು. ಹಳ್ಳಿಗಳಲ್ಲಿ ಅದನ್ನು ‘ಡಿಕ್ಲರೇಶನ್ ಹಾಕೋದು’ ಅನ್ನುತ್ತಿದ್ದರು. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಹಿರಿಯರು ಈಗಲೂ ಆ ಮಾತು ಆಡುತ್ತಾರೆ. “ನಮ್ಮಪ್ಪ ಡಿಕ್ಲರೇಶನ್ ಹಾಕಿದ್ರು” ಅನ್ನುವಾಗ ಅವರ ಎದೆ ಸ್ವಲ್ಪ ಎತ್ತರವಾಗುತ್ತದೆ. ಈ ಮಣ್ಣನ್ನು ಉತ್ತವನು ನಾನು ಎಂದು ಒಬ್ಬ ಬಡವ ಸರ್ಕಾರದ ಮುಂದೆ ಘೋಷಿಸಿದ ನಮೂನೆ ಅದು. ಭೂ ನ್ಯಾಯಮಂಡಳಿಯ ಮುಂದೆ ಧಣಿಯ ಎದುರೇ ನಿಂತು ಮಾತಾಡಿದರು. ಗೆದ್ದ ಮೇಲೆ ಪಹಣಿಯಲ್ಲಿ ಮಾಲೀಕರಾದರು.

ಒಂದು ಕ್ಷಣ ಯೋಚಿಸಿ. ಅವರಿಗೆ ಸಿಕ್ಕಿದ್ದು 800 ರೂಪಾಯಿ ಅಲ್ಲ, ಜಮೀನು. ನಾನು ನೋಡಿರುವ ಆ ಕಾಲದ ಆದೇಶಗಳಲ್ಲಿ ಅವರನ್ನು ಕರೆದಿರುವುದು ಗೇಣಿದಾರ ಎಂದು. ‘ಉಳುವವನೇ ಹೊಲದೊಡೆಯ’ ಅನ್ನುವ ಆ ಎರಡು ಪದದ ಘೋಷಣೆಯಲ್ಲಿ ಕೆಲಸ ಇದೆ, ಒಡೆತನ ಇದೆ, ಕೊಟ್ಟವರ ಹೆಸರು ಇಲ್ಲ. ಇವತ್ತು ಅಂಥದ್ದೇ ಕಾಯ್ದೆ ಬಂದರೆ ‘ಭೂ ಭಾಗ್ಯ ಫಲಾನುಭವಿಗಳ ಸಮಾವೇಶ’ ಎಂದು ಪೆಂಡಾಲ್ ಹಾಕುತ್ತಿದ್ದರು ಅನ್ನುವುದು ನೆನೆಸಿಕೊಂಡರೆ ನೋವಾಗುತ್ತದೆ.

ಸಮಾವೇಶ ಅಂದಾಗ ಅದನ್ನೂ ಹೇಳಿಬಿಡುತ್ತೇನೆ. ಬೆಳಿಗ್ಗೆ ಪಂಚಾಯಿತಿ ಹತ್ತಿರ ಬಸ್ಸು ಬಂದು ನಿಲ್ಲುತ್ತದೆ. ಹೆಂಗಸರು ಅಡುಗೆ ಮುಗಿಸಿ, ಒಳ್ಳೆ ಸೀರೆ ಉಟ್ಟು ಹತ್ತುತ್ತಾರೆ. ಬಿಸಿಲಲ್ಲಿ ಮೂರು ನಾಲ್ಕು ಗಂಟೆ ಕಾಯುತ್ತಾರೆ. ವೇದಿಕೆ ಮೇಲೆ ಐದಾರು ಜನರನ್ನು ಕರೆದು ‘ಸಾಂಕೇತಿಕವಾಗಿ’ ಒಂದು ಪತ್ರವನ್ನೋ, ದೊಡ್ಡ ರಟ್ಟಿನ ಚೆಕ್ಕನ್ನೋ ಕೊಡುತ್ತಾರೆ. ಪಡೆಯುವವರ ತಲೆ ತಗ್ಗಿರುತ್ತದೆ, ಫೋಟೋ ತೆಗೆಯುತ್ತಾರೆ. ವಸತಿ ಯೋಜನೆಯ ಮನೆಗಳದ್ದೂ ಇದೇ ಕಥೆ. ತಳಪಾಯಕ್ಕೊಂದು ಫೋಟೋ, ಗೋಡೆಗೊಂದು, ಛಾವಣಿಗೊಂದು. ಮನೆ ಮುಗಿದ ಮೇಲೆ ಗೋಡೆಯ ಮೇಲೆ ಬರೆಸಬೇಕು: ಯೋಜನೆಯ ಹೆಸರು, ಫಲಾನುಭವಿಯ ಹೆಸರು. ಸಹಾಯಧನ ಸಾಲದೆ ಕೈಸಾಲ ಮಾಡಿ, ಒಡವೆ ಅಡವಿಟ್ಟು ಕಟ್ಟಿದ ಮನೆ. ಅದರ ಮೇಲೆ ‘ಮನೆ ಮಾಲೀಕರು’ ಎಂದು ಬರೆದರೆ ಲೆಕ್ಕಪತ್ರಕ್ಕೆ ಏನು ಕಮ್ಮಿಯಾಗುತ್ತದೆ? ಶಾಲೆಗೆ ಹೋಗುವ ಮಕ್ಕಳು ಆ ಗೋಡೆಯನ್ನು ದಿನಾ ಓದುತ್ತಾರೆ.

ಈಗ ಊರಿನ ಉಳಿದವರ ಮಾತಿಗೆ ಬರುತ್ತೇನೆ. ಫಲಾನುಭವಿ ಅನ್ನುವ ಪದ ಗಟ್ಟಿಯಾದಷ್ಟೂ ಎದುರಿಗೆ ಇನ್ನೊಂದು ಪದ ಗಟ್ಟಿಯಾಗುತ್ತಾ ಹೋಗಿದೆ. ಅದು ತೆರಿಗೆದಾರ. “ನಮ್ಮ ತೆರಿಗೆ ದುಡ್ಡಲ್ಲಿ ಬಿಟ್ಟಿ ತಿಂತಾರೆ” ಅನ್ನುವ ಮಾತು ಬಸ್ಸಿನಲ್ಲಿ, ಹೋಟೆಲಲ್ಲಿ, ವಾಟ್ಸಾಪಿನಲ್ಲಿ ಜಾಸ್ತಿಯಾಗಿದೆ. ಕೊಡುವವರು ಒಂದು ಜಾತಿಯ ಜನ, ತಿನ್ನುವವರು ಇನ್ನೊಂದು ಜಾತಿಯ ಜನ ಅನ್ನುವ ಹಾಗೆ. ಹಾಗೆ ಮಾತಾಡುವವರಿಗೆ ಎರಡು ವಿಷಯ ಹೇಳಬೇಕು.

ಒಂದು, 2017ರ ಜುಲೈ 1ರಿಂದ ಜಿಎಸ್‌ಟಿ ಇದೆ. ಕೂಲಿ ಮಾಡುವ ಹೆಂಗಸು ಸೋಪು ಕೊಂಡರೂ, ಮಗನಿಗೆ ಚಪ್ಪಲಿ ಕೊಂಡರೂ ತೆರಿಗೆ ಕಟ್ಟುತ್ತಾಳೆ. ಮೊಬೈಲ್ ರೀಚಾರ್ಜ್ ಮಾಡಿಸಿದರೆ ಅದಕ್ಕೆ ಶೇ 18. ಆಕೆಯ ಗಂಡ ಕುಡಿಯುವ ಪ್ರತಿ ಕ್ವಾರ್ಟರಿನ ಮೇಲೆ ರಾಜ್ಯಕ್ಕೆ ಅಬಕಾರಿ ಸುಂಕ ಬರುತ್ತದೆ. ತೆರಿಗೆ ಕಟ್ಟದೆ ಈ ರಾಜ್ಯದಲ್ಲಿ ಬದುಕುವವರು ಯಾರೂ ಇಲ್ಲ.

ಇನ್ನೊಂದು, ಆ ‘ಬಿಟ್ಟಿ’ ಪದದ್ದೇ ಕಥೆ. ಬಿಟ್ಟಿ ಅಂದರೆ ಹಿಂದೆ ಅರ್ಥ ಬೇರೆ ಇತ್ತು. ಸಂಸ್ಕೃತದ ವಿಷ್ಟಿಯಿಂದ ಬಂದ ಪದ ಅದು. ಕೂಲಿ ಕೊಡದೆ ಮಾಡಿಸಿಕೊಳ್ಳುವ ದುಡಿಮೆ. ನಮ್ಮ ಹಳೆಯ ಶಾಸನಗಳಲ್ಲಿ ಜನರ ಮೇಲೆ ಹಾಕಿದ ತೆರಿಗೆಗಳ ಸಾಲಿನಲ್ಲಿ ಬಿಟ್ಟಿಯೂ ಇದೆ. ಬಿಟ್ಟಿ ಚಾಕರಿ, ಬಿಟ್ಟಿ ಬೇಗಾರಿ ಅನ್ನುವ ಮಾತು ಇಂದಿಗೂ ಉಳಿದಿದೆ. ಅಂದರೆ ಬಿಟ್ಟಿ ಅನ್ನುವುದು ಬಡವರು ಆಳುವವರಿಗೆ ಪುಕ್ಕಟೆ ಕೊಟ್ಟದ್ದು. ಕೆರೆ ಹೂಳು ತೆಗೆದದ್ದು, ಹೊರೆ ಹೊತ್ತದ್ದು, ದಾರಿ ಮಾಡಿದ್ದು. ಕಾಲ ಉರುಳಿ ಅದೇ ಪದವನ್ನು ಅದೇ ಜನರ ಮೊಮ್ಮಕ್ಕಳ ಮೇಲೆ, ಅವರು ಪುಕ್ಕಟೆ ತಿನ್ನುವವರು ಅನ್ನುವ ಅರ್ಥದಲ್ಲಿ ಎಸೆಯುತ್ತಿದ್ದೇವೆ. ಪದಗಳ ಬಗ್ಗೆ ಇಷ್ಟು ಗಂಭೀರವಾಗಿ ಯಾಕೆ ಬರೆಯುತ್ತಿದ್ದೀಯ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಇದೇ.

ಹೆಸರು ಬದಲಾಯಿಸಿದರೆ ಹಣ ಬೇಗ ಬರುತ್ತಾ ಅಂತ ನನ್ನ ಸ್ನೇಹಿತರೇ ಕೇಳಿದ್ದಾರೆ. ಮಾರನೇ ದಿನವೇ ಬರುವುದಿಲ್ಲ, ಗೊತ್ತು. ಆದರೆ ನಮ್ಮ ರಾಜ್ಯದಲ್ಲಿ ಹೆಸರು ಬದಲಾದದ್ದರಿಂದ ಬದುಕು ಸ್ವಲ್ಪವಾದರೂ ಬದಲಾದ ಉದಾಹರಣೆ ಇದೆ. ಒಂದು ಕಾಲಕ್ಕೆ ಜಾಡಮಾಲಿ ಎಂದು ದಾಖಲೆಯಲ್ಲಿ ಬರೆಯುತ್ತಿದ್ದವರನ್ನು ಇಂದು ಪೌರಕಾರ್ಮಿಕರು ಎನ್ನುತ್ತೇವೆ. ಕಾರ್ಮಿಕ ಅಂದ ಮೇಲೆ ಕನಿಷ್ಠ ವೇತನದ ಮಾತು ಬಂತು, ಕಾಯಂ ನೇಮಕದ ಮಾತು ಬಂತು, ಸೆಪ್ಟೆಂಬರ್ 23 ಅವರ ದಿನ ಆಯಿತು. ಅವರ ಹೋರಾಟ ಮುಗಿದಿಲ್ಲ. ಆದರೂ ಕಾರ್ಮಿಕ ಅನ್ನುವ ಹೆಸರು ಅವರ ಕೈಯಲ್ಲಿ ಒಂದು ಬಲ ಆಯಿತು.

ಸಕಾಲ ಕಾಯ್ದೆಯನ್ನೂ ನೋಡಿ. 2011ರಲ್ಲಿ ಅದನ್ನು ಮಾಡಿದಾಗ ‘ನಾಗರಿಕರಿಗೆ ಸೇವೆಗಳ ಖಾತರಿ’ ಎಂದು ಕರೆದರು. ಸೇವೆ ತಡವಾದರೆ ದಿನಕ್ಕೆ 20 ರೂಪಾಯಿಯಂತೆ, 500ರವರೆಗೆ ಪರಿಹಾರ. ಮೊತ್ತ ಚಿಕ್ಕದು. ಆದರೆ ನಾಗರಿಕ ಅಂದಿದ್ದಕ್ಕೇ ತಡವಾದರೆ ಕೇಳಬಹುದು ಅನ್ನುವ ಯೋಚನೆ ಬಂತು. ಅದೇ ನಾಡಕಚೇರಿಯಲ್ಲಿ ಜಾತಿ ಪ್ರಮಾಣಪತ್ರ ಕೇಳುವಾಗ ನಾಗರಿಕ, ಆದೇಶ ಆಗಿ ಹಣ ಬರಲು ಶುರುವಾದ ಮೇಲೆ ಫಲಾನುಭವಿ. ಇದಕ್ಕೆ ಏನಾದರೂ ಕಾರಣ ಇದೆಯಾ?

ಹಾಗಾದರೆ ಏನೆಂದು ಕರೆಯಬೇಕು? ಹೊಸ ಪದ ಕಟ್ಟುವ ಅಗತ್ಯವೇ ಇಲ್ಲ. ಎಲ್ಲವೂ ನಮ್ಮಲ್ಲಿ ಇವೆ. ವೇತನ ಪಡೆಯುವವರು ಪಿಂಚಣಿದಾರರು. ರೇಷನ್ ಪಡೆಯುವವರು ಪಡಿತರ ಚೀಟಿದಾರರು. ಮನೆ ಕಟ್ಟಿಕೊಂಡವರು ಮನೆ ಮಾಲೀಕರು. ಗೃಹಲಕ್ಷ್ಮಿಗೆ ಯಜಮಾನಿ. ಬೆಳೆ ಪರಿಹಾರಕ್ಕೆ ರೈತ, ವಿದ್ಯಾರ್ಥಿವೇತನಕ್ಕೆ ವಿದ್ಯಾರ್ಥಿ. ಎಲ್ಲರನ್ನೂ ಸೇರಿಸಿ ಹೇಳಲೇಬೇಕಾದ ಕಡೆ ಹಕ್ಕುದಾರರು ಎನ್ನಿ. ಹಕ್ಕುಪತ್ರ ಅಂದರೆ ಏನು ಎಂದು ನಮ್ಮ ಹಳ್ಳಿಯ ಮಗುವಿಗೂ ಗೊತ್ತು. ಎಲ್ಲ ಯೋಜನೆಯ ಹಿಂದೆಯೂ ಕಾಯ್ದೆ ಇಲ್ಲ, ಕೆಲವು ಬರೀ ಸರ್ಕಾರಿ ಆದೇಶದ ಮೇಲೆ ನಡೆಯುತ್ತವೆ, ಅಲ್ಲಿ ಹಕ್ಕುದಾರ ಎಂದರೆ ಕೋರ್ಟಿನಲ್ಲಿ ತೊಂದರೆ ಎಂದು ನಿಮ್ಮ ಕಾನೂನು ಇಲಾಖೆ ಹೇಳಬಹುದು. ಆಗಲಿ. ಅಂಥ ಕಡೆ ಅವರವರ ಹೆಸರಿನಿಂದ, ಕೆಲಸದಿಂದ ಕರೆಯಿರಿ. ಫಲಾನುಭವಿ ಎಂದೇ ಕರೆಯಬೇಕು ಅಂತ ಎಲ್ಲೂ ಕಟ್ಟಳೆ ಇಲ್ಲವಲ್ಲ.

ನನ್ನ ಕೋರಿಕೆ ಇಷ್ಟು. ಎಲ್ಲ ಇಲಾಖೆಗಳಿಗೂ ಒಂದು ಸುತ್ತೋಲೆ ಹೊರಡಿಸಿ. ಹೊಸದಾಗಿ ಅಚ್ಚು ಹಾಕುವ ನಮೂನೆಗಳಲ್ಲಿ, ಜಾಲತಾಣಗಳಲ್ಲಿ, ಎಸ್‌ಎಂಎಸ್‌ಗಳಲ್ಲಿ ಈ ಪದ ಬೇಡ ಎಂದು ತಿಳಿಸಿ. ಹಳೇ ನಮೂನೆ ಮುಗಿಯುವವರೆಗೆ ಇರಲಿ, ಕಾಗದ ಸುಮ್ನೆ ಹಾಳಾಗುವುದು ಬೇಡ. ಮನೆ ಗೋಡೆಯ ಬರಹವನ್ನು ‘ಮನೆ ಮಾಲೀಕರು’ ಎಂದು ಮಾಡಿ. ಪಂಚಾಯಿತಿಯ ಗೋಡೆಗೆ ಅಂಟಿಸುವ ‘ಫಲಾನುಭವಿಗಳ ಪಟ್ಟಿ’ಯ ತಲೆಬರಹ ತಿದ್ದಿ. ಪ್ರತಿ ತಿಂಗಳು ಹಣ ತಡವಾದಾಗ ‘ಬಿಡುಗಡೆಯಾಗಿಲ್ಲ’ ಎನ್ನುವ ಬದಲು ‘ಇಷ್ಟು ತಿಂಗಳ ಬಾಕಿ ಇದೆ’ ಎಂದು ಲೆಕ್ಕದಲ್ಲಿ ಬರೆಯುವಂತೆ ಖಜಾನೆಗೂ ಇಲಾಖೆಗಳಿಗೂ ಹೇಳಿ. ನಾಲ್ಕರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯದು.

ಕನ್ನಡ ಅಭಿವೃದ್ಧಿ ಪ್ರಾಧಿಕಾರಕ್ಕೂ ಈ ಪತ್ರದ ಪ್ರತಿ ಕಳಿಸುತ್ತಿದ್ದೇನೆ. ಆಡಳಿತದಲ್ಲಿ ಕನ್ನಡ ಇರಬೇಕು ಅಂತ ಅವರು ಕಚೇರಿ ಕಚೇರಿಗೆ ಹೋಗಿ ಪರಿಶೀಲನೆ ಮಾಡುತ್ತಾರೆ. ಆ ಕನ್ನಡ ಎದುರಿಗೆ ನಿಂತವರನ್ನು ಹೇಗೆ ಕರೆಯುತ್ತಿದೆ ಎಂಬುದನ್ನೂ ನೋಡಲಿ.

ಈ ಪತ್ರದ ಜೊತೆ ವೃದ್ಧಾಪ್ಯ ವೇತನದ ಒಂದು ನಮೂನೆ ಲಗತ್ತಿಸಿದ್ದೇನೆ. ‘ಫಲಾನುಭವಿಯ ಸಹಿ ಅಥವಾ ಹೆಬ್ಬೆಟ್ಟಿನ ಗುರುತು’ ಎಂದಿದ್ದ ಕಡೆ ಕೆಂಪು ಶಾಯಿಯಲ್ಲಿ ತಿದ್ದಿದ್ದೇನೆ. ಉಳಿದ ನಮೂನೆಗಳನ್ನೂ ತಿದ್ದಿ ಕೊಡಿ ಎಂದು ಕರೆದರೆ ನನ್ನ ಖರ್ಚಿನಲ್ಲೇ ಬೆಂಗಳೂರಿಗೆ ಬಂದು ಕೂತು ಮಾಡಿಕೊಡುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ನಾಡಕಚೇರಿ ಎದುರು ಅರ್ಜಿ ಬರೆಯುವವನು